ನೀರಿಗಿಳಿಯುವ ಕಾಲಿಗೊಂದು ಜೊತೆ ಶೂ

ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದರಿಂದ ಹಿಡಿದು ರಾತ್ರಿ ಅಡುಗೆಮನೆ ತೊಳೆಯುವವರೆಗೆ ನಿಮ್ಮ ಕಾಲು ಎಷ್ಟು ಹೊತ್ತು ಒದ್ದೆಯಲ್ಲಿರುತ್ತದೆ, ಲೆಕ್ಕ ಹಾಕಿದ್ದೀರಾ? ಹೊಸಕೋಟೆ ತಾಲೂಕಿನ ಸೂಲಿಬೆಲೆಯಂಥ ಊರಿನಲ್ಲಿ ವಾಷಿಂಗ್ ಮೆಷಿನ್ ಬಂದ ಮನೆಯಲ್ಲೂ ಬೆಡ್‌ಶೀಟು, ಕಾಲೊರೆಸುಗಳು ಹಿತ್ತಲ ಕಲ್ಲಿಗೇ ಬರುತ್ತವೆ. ಈ ಕೆಲಸಕ್ಕೆಲ್ಲ ಬರಿಗಾಲು, ಇಲ್ಲವೇ ಸವೆದ ಹವಾಯಿ ಚಪ್ಪಲಿ. ಅದೂ ಒದ್ದೆಯಾದರೆ ಪಾದವೇ ಚಪ್ಪಲಿಯ ಮೇಲೆ ಜಾರುತ್ತದೆ. ಬಕೆಟ್ ಹಿಡಿದುಕೊಂಡು ಪಾಚಿಗಟ್ಟಿದ ಸಿಮೆಂಟಿನ ಮೇಲೆ ಒಮ್ಮೆ ಜಾರಿದರೆ ಸಾಕು, ಸೊಂಟ ತಿಂಗಳುಗಟ್ಟಲೆ ನೆನಪಿಸುತ್ತದೆ.

ಇದಕ್ಕೆ ಈಗ ಅಂಗಡಿಗಳಲ್ಲಿ ಸಿಗುವ ವಾಟರ್ ಶೂ ಒಳ್ಳೆಯ ಉಪಾಯ. ಮೇಲ್ಭಾಗ ಜಾಲರಿಯಂಥ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ಕೆಳಗೆ ಗೀರುಗಳಿರುವ ರಬ್ಬರ್ ತಳ. ಕ್ಯಾನ್ವಾಸ್ ಶೂ ನೀರು ಕುಡಿದು ಭಾರವಾಗುತ್ತದೆ. ಇದು ನೀರನ್ನು ಹಿಡಿದಿಡುವುದಿಲ್ಲ. ಒಳಬಂದದ್ದು ಜಾಲರಿಯಿಂದ, ಕೆಲವದರಲ್ಲಿ ತಳದ ತೂತುಗಳಿಂದಲೂ ಹರಿದು ಹೋಗುತ್ತದೆ. ಹಗುರ, ಬೇಗ ಒಣಗುತ್ತದೆ, ಕಾಲಿಗೆ ಕಚ್ಚಿಕೊಂಡಿರುತ್ತದೆ. ‘ಮನೆಯೊಳಗೆ ಮೆಟ್ಟಾ?’ ಎಂದು ಅತ್ತೆ ಹುಬ್ಬೇರಿಸಿದರೆ, ಹಿತ್ತಲ ಬಾಗಿಲಲ್ಲೇ ಬಿಡುವ ಜೊತೆ ಎನ್ನಿ.

ಪ್ರವಾಸಕ್ಕಂತೂ ಬಹಳ ಅನುಕೂಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಕಾಲಿಟ್ಟಲ್ಲೆಲ್ಲ ಕಪ್ಪೆಚಿಪ್ಪು, ಕಂಬ ಕಂಬವಾಗಿ ನಿಂತ ಬಂಡೆ. ಬರಿಗಾಲಲ್ಲಿ ಮಕ್ಕಳು ಅಳುತ್ತವೆ. ಆದರೆ ನೇತ್ರಾವತಿ, ಕುಮಾರಧಾರಾ ಸ್ನಾನಕ್ಕೆ ಹೋದಾಗ ಅಲ್ಲಿನ ಸಂಪ್ರದಾಯ ನೋಡಿ ನಡೆಯಿರಿ. ಪುಣ್ಯಸ್ನಾನಕ್ಕೆ ಮೆಟ್ಟು ಹಾಕಿಕೊಂಡು ಇಳಿದರೆ ಪಕ್ಕದವರಿಗೆ ಬೇಸರವಾದೀತು.

ಒಂದು ಮಾತು ಮಾತ್ರ ಚೆನ್ನಾಗಿ ತಿಳಿದಿರಬೇಕು. ಈ ಶೂ ನೀರನ್ನು ಹೊರಗೆ ಬಿಡುತ್ತದೆ, ಒಳಗೆ ಬಾರದಂತೆ ತಡೆಯುವುದಿಲ್ಲ. ಹಾಗಾಗಿ ಆಸಿಡ್ ಹಾಕಿ ಟಾಯ್ಲೆಟ್ ತೊಳೆಯುವಾಗ ಬೇಡವೇ ಬೇಡ, ಚೆಲ್ಲಿದ್ದು ಜಾಲರಿಯಲ್ಲಿ ಇಳಿದು ಚರ್ಮ ಸುಡುತ್ತದೆ. ಹಂಡೆಯ ಬಿಸಿನೀರಿಗೂ ಅಷ್ಟೇ. ಮೋಟರ್, ವಾಷಿಂಗ್ ಮೆಷಿನ್ ಮುಟ್ಟುವಾಗ ರಬ್ಬರ್ ತಳ ಶಾಕ್ ತಡೆಯುತ್ತದೆಂದು ನಂಬಬೇಡಿ, ಒಳಗಿನ ಕಾಲು ಒದ್ದೆಯೇ ಅಲ್ಲವೇ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮನೆಗಳಿಗೇ ನೀರು ನುಗ್ಗಿತ್ತಲ್ಲ, ಅಂಥ ಕೊಳಕು ನೀರಿಗೂ ಇದು ಸಾಲದು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಬಿರುಕು, ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಅಲ್ಲಿಗೆ, ಮತ್ತು ದನದ ಕೊಟ್ಟಿಗೆಗೆ, ಮೊಣಕಾಲಿನವರೆಗಿನ ಗಮ್‌ಬೂಟೇ ಸರಿ.

ಕೆಲಸ ಮುಗಿದ ಕೂಡಲೇ ಬಿಚ್ಚಿ. ‘ಹೇಗೂ ಒಣಗುತ್ತೆ ಬಿಡ್ರಿ’ ಎಂದು ಅದರಲ್ಲೇ ತರಕಾರಿಗೆ ಹೊರಟರೆ ಬೆರಳ ಸಂದಿ ಬೆಳ್ಳಗಾಗಿ, ತುರಿಕೆ ಹತ್ತಿ, ಕೊನೆಗೆ ಫಂಗಸ್ ಆಗುತ್ತದೆ. ಸಂದಿಗಳನ್ನು ಹಳೇ ಕಾಟನ್ ಬಟ್ಟೆಯಿಂದ ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಆದರೆ ಸಂದಿಗೆ ಬೇಡ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರು. ಪಾದದ ಸ್ಪರ್ಶ ಮಂದವಾಗಿದ್ದರೆ ಒಳಗೆ ಸೇರಿದ ಒಂದು ಸಣ್ಣ ಕಲ್ಲೂ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ. ಹಾಕುವ ಮುಂಚೆ ಶೂ ಕೊಡವಿ, ಒಳಗೆ ಕೈಯಾಡಿಸಿ. ಬಿಚ್ಚಿದ ಮೇಲೆ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಇಟ್ಟು ನೋಡಿ. ಗಾಯ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

ಕೊಳ್ಳಲು ಸಂಜೆ ಹೋಗಿ, ಆಗ ಪಾದ ಕೊಂಚ ಊದಿರುತ್ತದೆ, ಬೆಳಗಿನ ಅಳತೆ ಬಿಗಿಯಾದೀತು. ತಳ ಬಗ್ಗಿಸಿ ನೋಡಿ, ತೀರಾ ತೆಳುವಾದದ್ದು ಮುಳ್ಳು, ಮೊಳೆಗೆ ತಡೆಯುವುದಿಲ್ಲ. ಸೋಪಿನ ನೀರಿನ ಮೇಲೆ ಯಾವ ತಳವೂ ಜಾರಬಹುದು, ಮೊದಲು ನೊರೆ ತೊಳೆದು ಆಮೇಲೆ ಓಡಾಡಿ. ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಮಗುಚಿ ಇಟ್ಟರೆ ವಾಸನೆ ಬರುವುದಿಲ್ಲ.