ಹುಲ್ಲುಗುಡ್ಡದ ನೀಲಿ ಕವಲುತೋಕೆ

ಚಳಿಗಾಲದಲ್ಲಿ ಗದ್ದೆಯ ಮೇಲೆ ತಗ್ಗಿನಲ್ಲಿ ಹಾರಾಡುತ್ತ ನೊಣ, ಸೊಳ್ಳೆಗಳನ್ನು ಹಿಡಿಯುವ ಕವಲುತೋಕೆ ಹಕ್ಕಿಯನ್ನು ನೀವು ನೋಡಿಯೇ ಇರುತ್ತೀರಿ. ಇದರ ಬಳಗಕ್ಕೆ ಸೇರಿದ ನೀಲಿ ಕವಲುತೋಕೆಯು ಆಫ್ರಿಕದ ಎತ್ತರದ ಗುಡ್ಡಗಾಡಿನ ಹಕ್ಕಿ. ಮೈಯೆಲ್ಲ ಹೊಳೆಯುವ ಕಡುನೀಲಿ. ಗಂಡಿನ ಬಾಲದ ಅಂಚಿನ ಎರಡು ಗರಿಗಳು ದಾರದಂತೆ ಉದ್ದ. ದಕ್ಷಿಣ ಆಫ್ರಿಕ, ಜಿಂಬಾಬ್ವೆ, ಮಲಾವಿ, ಟಾಂಜಾನಿಯಗಳ ಮಂಜು ಕವಿಯುವ ಹುಲ್ಲುಗುಡ್ಡಗಳಲ್ಲಿ ಮರಿಮಾಡಿ, ಉಳಿದ ತಿಂಗಳುಗಳನ್ನು ಉಗಾಂಡ, ಕೀನ್ಯಾಗಳ ಕಡೆ ಕಳೆಯುತ್ತದೆ.

ವಿಶ್ವದ ಕೆಂಪುಪಟ್ಟಿಯಲ್ಲಿ ಈ ಹಕ್ಕಿಯನ್ನು 'ಅಪಾಯಕ್ಕೀಡಾಗಬಲ್ಲದು' ಎಂಬ ವರ್ಗದಲ್ಲಿ ಇರಿಸಲಾಗಿದೆ. ನಾಳೆಯೇ ಅಳಿಯುತ್ತದೆ ಎಂದು ಇದರ ಅರ್ಥವಲ್ಲ. ಈಗಿನ ಕಾರಣಗಳು ಹೀಗೆಯೇ ಮುಂದುವರಿದರೆ ಅಳಿಯುವ ಸಂಭವ ಹೆಚ್ಚು ಎಂದರ್ಥ. ದಕ್ಷಿಣ ಆಫ್ರಿಕವೊಂದನ್ನೇ ನೋಡಿದರೆ ಸ್ಥಿತಿ ಇನ್ನೂ ಕೆಟ್ಟದು. ಅಲ್ಲಿ ಗೂಡುಕಟ್ಟುವ ಜೋಡಿಗಳು ನೂರಕ್ಕಿಂತ ಕಡಿಮೆ.

ಇದಕ್ಕೆ ಮುಖ್ಯ ಕಾರಣ ಬೇಟೆಯಲ್ಲ, ಮರ ನೆಟ್ಟದ್ದು! ಓದುಗರಿಗೆ ವಿಚಿತ್ರವೆನಿಸಬಹುದು. ಚರ್ಮ ಹದಮಾಡುವ ತೊಗಟೆ ಕೊಡುವ ವ್ಯಾಟಲ್ ಮರವು ಆಸ್ಟ್ರೇಲಿಯದಿಂದ ನಟಾಲ್ ಪ್ರಾಂತಕ್ಕೆ ಬಂದದ್ದು 1864ರಲ್ಲಿ. ಆಮೇಲೆ ನೀಲಗಿರಿ, ಪೈನ್ ಮರಗಳ ನೆಡುತೋಪುಗಳು ಬೆಳೆದವು. ಕೆಲವೆಡೆ ಕಬ್ಬೂ ಬಂತು. ಬೋಳುಗುಡ್ಡವೆಂದರೆ ಖಾಲಿ ಬಿದ್ದ ನೆಲ ಎಂಬ ಎಣಿಕೆ ಅಲ್ಲಿಯೂ ಇತ್ತು. ಕುದುರೆಮುಖದ ಶೋಲಾ ಕಾಡುಗಳ ನಡುವಿನ ಹುಲ್ಲುಗುಡ್ಡಗಳನ್ನು ಕಂಡವರಿಗೆ ಆ ನೆಲದ ಸ್ವರೂಪ ಸುಲಭವಾಗಿ ಕಣ್ಣಿಗೆ ಕಟ್ಟೀತು.

ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್ ಎಂಬ ಪ್ರಾಣಿ ತೋಡಿದ ಬಿಲ, ನೆಲ ಕುಸಿದ ಕುಳಿ, ಹಳೆಯ ಗಣಿಗುಂಡಿ ಇವುಗಳೊಳಗೆ ಕೆಸರು ಮತ್ತು ಹುಲ್ಲಿನಿಂದ ಬಟ್ಟಲಿನಂಥ ಗೂಡು ಮಾಡುತ್ತದೆ. ಹುಲ್ಲಿನ ಮೇಲೆಯೇ ಹಾರುತ್ತ ಹುಳು ಹಿಡಿಯುತ್ತದೆ. ತೋಪು ಬೆಳೆದರೆ ಬಯಲಿಲ್ಲ. ಉತ್ತರೆ ಬಿಲವೂ ಇಲ್ಲ. ಆದುದರಿಂದ ತೋಪಿನ ಒತ್ತಿನಲ್ಲಿ ಹುಲ್ಲಿನ ತುಂಡೊಂದನ್ನು ಬಿಟ್ಟ ಮಾತ್ರಕ್ಕೆ ಸಾಲದು, ಹಾರಾಡಲು ವಿಸ್ತಾರವಾದ ಬಯಲು ಬೇಕು.

ಇಲ್ಲಿ ರೈತನಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಇಂಥ ತೋಪುಗಳು ಹುಲ್ಲಿಗಿಂತ ಹೆಚ್ಚು ನೀರು ಹೀರುವುದರಿಂದ ಕೆಳಗಿನ ಹೊಳೆಗಳು ಸೊರಗುತ್ತವೆ. ಈ ಕಾರಣಕ್ಕಾಗಿಯೇ ದಕ್ಷಿಣ ಆಫ್ರಿಕವು 1972ರಲ್ಲಿ ಹೊಸ ನೆಡುತೋಪುಗಳಿಗೆ ಪರವಾನಗಿ ಕಡ್ಡಾಯ ಮಾಡಿತು. 1998ರ ಜಲ ಕಾಯಿದೆಯು ತೋಪು ಬೆಳೆಸುವುದನ್ನು ಹೊಳೆಯ ನೀರನ್ನು ತಗ್ಗಿಸುವ ಕೆಲಸವೆಂದೇ ಹೆಸರಿಸಿದೆ. ಕಾಯಿದೆ ಬಂದದ್ದು ನೀರಿಗಾಗಿ, ಹಕ್ಕಿಗಾಗಿ ಅಲ್ಲ. ಆದರೂ ಉಳಿದ ಹುಲ್ಲುಗುಡ್ಡಕ್ಕೆ ಅದರಿಂದ ಕೊಂಚ ರಕ್ಷಣೆ ದೊರೆಯಿತು.

ಅಲ್ಲಿ ಗೂಡಿರುವ ಕುಳಿಗಳಲ್ಲಿ ಹಲವು ಖಾಸಗಿ ಜಮೀನುಗಳಲ್ಲಿವೆ. ಹಕ್ಕಿ ಇರುವುದು ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ಬಿಲ ಮುಚ್ಚದೆ, ಸುತ್ತಲಿನ ಹುಲ್ಲಿಗೆ ಬೆಂಕಿಯಿಡದೆ, ದನಗಳಿಂದ ನೆಲಮಟ್ಟ ಮೇಯಿಸದೆ ಬಿಡುವುದು ಜಮೀನುದಾರನ ಕೈಯಲ್ಲಿದೆ.