ತೊಲೆ ಊಟಿಗೆ, ಹುಲಿ ಲಂಡನ್ನಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮಗೆ ಸರ್ಕಾರ ನೋಡಬೇಕಾದರೆ ವಿಧಾನಸೌಧ, ಅರಮನೆ ನೋಡಬೇಕಾದರೆ ಮೈಸೂರು. ನಡುವಿನ ಶ್ರೀರಂಗಪಟ್ಟಣ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಒಂದು ತಾಲ್ಲೂಕು ಕೇಂದ್ರ. ದಶಪಥ ಹೆದ್ದಾರಿ ಬಂದ ಮೇಲಂತೂ ಮದ್ದೂರು ವಡೆಯಂತೆ ಅದೂ ಬೈಪಾಸಿನ ಆಚೆಗೆ ಸರಿದಿದೆ. ಆದರೆ 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ಕೈಯಿಂದ ಈ ದ್ವೀಪವನ್ನು ತೆಗೆದುಕೊಂಡಂದಿನಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿ ಇದೇ. ಒಡೆಯರ ದಸರಾ ಶುರುವಾದದ್ದೂ ಇಲ್ಲೇ. 1939ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದಾಗ ಈ ಹಳೆಯ ರಾಜಧಾನಿ ಮಂಡ್ಯದ ಪಾಲಿಗೆ ಬಂತು.

ಇಲ್ಲಿ ಉಳಿದಿರುವುದಕ್ಕಿಂತ ಹೊರಟುಹೋಗಿರುವುದೇ ಹೆಚ್ಚು. 1799ರಲ್ಲಿ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಕಾನಕಾನಹಳ್ಳಿ ದಾರಿಯಲ್ಲಿ ಬಂದು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವನ್ನು ಎದುರಿಸಿತು. ಆಮೇಲೆ ಸೋಸಲೆ ಬಳಿ ಹೊಳೆ ದಾಟಿ, ಮೇ 4ರಂದು ಕೋಟೆಯೊಳಗೆ ನುಗ್ಗಿತು. ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಇದ್ದ ಲಾಲ್ ಮಹಲಿನದು ಈಗ ತಳಪಾಯವಷ್ಟೇ. ದ್ವೀಪದ ಪೂರ್ವದ ತುದಿಯಲ್ಲಿದ್ದ ಲಾಲ್‌ಬಾಗ್ ಅರಮನೆಯ ತೇಗದ ತೊಲೆಗಳು ಘಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತವು. ಬಿಳಿಯ ಸಿಪಾಯಿಯ ಮೇಲೆ ಬಿದ್ದ ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಹೊರಡುವ ಚಾಳಿ ಇನ್ನೂ ನಿಂತಿಲ್ಲ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ರೈಲ್ವೆ ನಿಲ್ದಾಣದ ಬಳಿಯ, ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಗಾರೆ ಇಟ್ಟಿಗೆಯ ಆ ಕಟ್ಟಡದ ಅರ್ಧಭಾಗ ನೆಲದೊಳಗೇ ಇತ್ತು. ಕೆಡವುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ 2017ರಲ್ಲಿ ಸುತ್ತ ಅಗೆದು, ಅಡಿಗೆ ಉಕ್ಕಿನ ತೊಲೆ ತೂರಿಸಿ, ಜಾಕಿ ಕೊಟ್ಟು ಎತ್ತಿ, ಇಡೀ ಕಟ್ಟಡವನ್ನು ಇಂಚಿಂಚಾಗಿ ನೂರು ಮೀಟರಿಗೂ ಆಚೆಗೆ ಜರುಗಿಸಿದರು. ಪಟ್ಟಣದಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ನಾನು ಇದನ್ನೇ ನೋಡಿ ಅಂದೇನು, ಗೈಡುಗಳು ಒಪ್ಪಲಾರರು.

ಅವರು ಕರೆದೊಯ್ಯುವುದು ದರಿಯಾ ದೌಲತ್ತಿಗೆ. 1784ರಲ್ಲಿ ಕಟ್ಟಿದ ಬೇಸಿಗೆ ಅರಮನೆ, ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಒಳಗಿನ ನಾಣ್ಯ, ಚಿತ್ರಪಟಗಳನ್ನು ಬೇಗ ನೋಡಿ ಮುಗಿಸಿ ಪಶ್ಚಿಮದ ಗೋಡೆಯ ಮುಂದೆ ಬಂದು ನಿಲ್ಲಿ. 1780ರ ಪೊಲ್ಲಿಲೂರು ಕದನ ಗೋಡೆ ತುಂಬ ಹರಡಿದೆ. ನಡುವೆ ಚೌಕವಾಗಿ ನಿಂತ ಕೆಂಪು ಅಂಗಿಯ ಇಂಗ್ಲಿಷ್ ಸೈನ್ಯ. ಅದರೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಯ್ಲಿ. ಪಕ್ಕದಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ. ಮುತ್ತಿಗೆಗೆ ಮುಂಚೆ ಅಳಿಸಿಹೋಗಿದ್ದ ಈ ಚಿತ್ರವನ್ನು, ಗೆದ್ದ ಮೇಲೆ ಇದೇ ಮನೆಯಲ್ಲಿ ಬಿಡಾರ ಹೂಡಿದ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಸಿದ. ಅದಕ್ಕೂ ಸುಣ್ಣ ಬಿತ್ತು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ತಮ್ಮವರು ಸೋತ ಚಿತ್ರಕ್ಕೆ ಎರಡೆರಡು ಸಲ ಬಣ್ಣ ಹಾಕಿಸಿದವರ ಮನಸ್ಸು ನನಗಂತೂ ಅರ್ಥವಾಗಿಲ್ಲ.

ಹಳೆಯ ಬಡಾವಣೆ ನೋಡಬೇಕಿದ್ದರೆ ಗಂಜಾಂ. ಕಸುಬಿನ ಜನ ಬೇಕೆಂದು ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಇಲ್ಲಿಗೆ ಎಬ್ಬಿಸಿ ತಂದನೆಂದು ಗೆಜೆಟಿಯರ್ ಹೇಳುತ್ತದೆ. ಬಂದವರ ಇಷ್ಟಾನಿಷ್ಟದ ಮಾತು ಅದರಲ್ಲಿಲ್ಲ. ಈಗ ಭಾನುವಾರದ ಜನವೆಲ್ಲ ನಿಮಿಷಾಂಬ ದೇವಸ್ಥಾನಕ್ಕೆ. ಇದೇ ಗಂಜಾಂನಲ್ಲಿ 1800ರ ಚರ್ಚೊಂದಿದೆ. ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬೆ ದುಬಾಯ್. ನಮ್ಮ ಸೀಮೆಯಲ್ಲಿ ಸಿಡುಬಿಗೆ ದಾಕು ಹಾಕಿಸಲು ಊರೂರು ತಿರುಗಿದವರಲ್ಲಿ ಅವರೂ ಒಬ್ಬರು.

ಟಿಪ್ಪುವಿನ ಕಾಲದಲ್ಲಿ ಲಕ್ಷ ಮೀರಿತ್ತೆನ್ನುವ ಊರಿನ ಜನಸಂಖ್ಯೆ, 1800ರಲ್ಲಿ ಕಂಪನಿಯ ಸಮೀಕ್ಷೆಗೆಂದು ಬುಕಾನನ್ ಬಂದಾಗ ಸುಮಾರು 32 ಸಾವಿರಕ್ಕೆ ಇಳಿದಿತ್ತು. ಅರಸರು ಮೈಸೂರಿಗೆ ಹೋಗಿದ್ದರು. ಇಂಗ್ಲಿಷರ ದಂಡು ಮಾತ್ರ ಇಲ್ಲೇ ಇತ್ತು. ಕೋಟೆ ಹಿಡಿದ ಆ ದಂಡಿಗೆ ಹೊಳೆದಂಡೆಯ ಸೊಳ್ಳೆ, ಚಳಿಜ್ವರಗಳ ಜೊತೆ ಹೆಣಗುವುದು ಆಗಲಿಲ್ಲ. ಹತ್ತು ಹನ್ನೆರಡು ವರ್ಷದಲ್ಲೇ ಗಂಟುಮೂಟೆ ಕಟ್ಟಿಕೊಂಡು ಹಲಸೂರಿನ ಕಡೆ ನಡೆಯಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದದ್ದು ಆ ಸೈನ್ಯದಿಂದ.