ಜಾರುವ ಕ್ಲಚ್: ರೇಸ್ ಬೈಕಿನ ಘರ್ಷಣೆಯ ಲೆಕ್ಕ

ಮೋಟಾರ್ ಸೈಕಲ್ಲಿನ ಎಂಜಿನ್ ಹುಟ್ಟಿಸುವ ಶಕ್ತಿಯೆಲ್ಲ ಹಿಂದಿನ ಗಾಲಿಯನ್ನು ಮುಟ್ಟುವ ಮೊದಲು ಅಂಗೈ ಅಗಲದ ಕೆಲವು ತಟ್ಟೆಗಳ ನಡುವಿನ ಘರ್ಷಣೆಯನ್ನು ದಾಟಿ ಹೋಗಬೇಕು. ಆ ಘರ್ಷಣೆ ಸಾಲದಾದಾಗ ಎಂಜಿನ್ನಿನ ಸದ್ದು ಏರುತ್ತದೆ, ಟ್ಯಾಕೋಮೀಟರಿನ ಮುಳ್ಳು ಮೇಲಕ್ಕೆ ಹಾರುತ್ತದೆ, ಆದರೆ ಗಾಡಿಯ ವೇಗ ಇದ್ದಲ್ಲೇ ಇರುತ್ತದೆ. ಗ್ಯಾರೇಜಿನವರು ‘ಕ್ಲಚ್ ಸ್ಲಿಪ್ ಆಗ್ತಿದೆ’ ಎಂದು ಹೇಳುವುದು ಇದನ್ನೇ. ಹುಬ್ಬಳ್ಳಿ–ಧಾರವಾಡದ ಗ್ಯಾರೇಜುಗಳಲ್ಲಿ ಇಂದಿಗೂ ಅಕ್ಕರೆಯಿಂದ ಬಿಚ್ಚಿ ಜೋಡಿಸಲಾಗುವ ಯಮಹಾ ಆರ್‌ಎಕ್ಸ್ 100 ಈ ದೋಷವನ್ನು ಅರಿಯಲು ತಕ್ಕ ಯಂತ್ರ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ, 98 ಸಿಸಿಯ ಈ ಎರಡು ಸ್ಟ್ರೋಕಿನ ಬೈಕು 11 ಅಶ್ವಶಕ್ತಿಯದು. ರೇಸಿಗೆಂದು ಅದರ ಪೋರ್ಟುಗಳನ್ನು ಕೊರೆದು ಅಗಲಿಸಿ ಸೈಲೆನ್ಸರ್ ಬದಲಿಸುವವರು ಕ್ಲಚ್ಚನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟುಬಿಡುವುದು ಸಾಮಾನ್ಯ.

ಇಂಥ ಬೈಕುಗಳಲ್ಲಿ ಇರುವುದು ಎಣ್ಣೆಯಲ್ಲಿ ಮುಳುಗಿದ ಬಹುತಟ್ಟೆಯ ಕ್ಲಚ್. ಹೊರಗಿನ ಬುಟ್ಟಿ, ಅಂದರೆ ಬಾಸ್ಕೆಟ್, ಹಲ್ಲುಚಕ್ರಗಳ ಮೂಲಕ ಎಂಜಿನ್ನಿನೊಂದಿಗೆ ತಿರುಗುತ್ತದೆ. ಒಳಗಿನ ಹಬ್ ಗೇರ್‌ಬಾಕ್ಸಿನ ದಂಡಕ್ಕೆ ಸೇರಿರುತ್ತದೆ. ಘರ್ಷಣಾ ಲೇಪವಿರುವ ತಟ್ಟೆಗಳು ಬುಟ್ಟಿಗೂ ನುಣುಪಾದ ಉಕ್ಕಿನ ತಟ್ಟೆಗಳು ಹಬ್ಬಿಗೂ ಸಿಕ್ಕಿಕೊಂಡು ಒಂದಾದ ಮೇಲೊಂದರಂತೆ ಕುಳಿತಿರುತ್ತವೆ, ಇವೆಲ್ಲವನ್ನೂ ಪ್ರೆಶರ್ ಪ್ಲೇಟಿನ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಈ ಹಿಡಿತ ತಾಳಬಲ್ಲ ಟಾರ್ಕ್, ಅಂದರೆ ತಿರುಚುಬಲ ಎಂಬುದು ಘರ್ಷಣಾಂಕ, ಸ್ಪ್ರಿಂಗುಗಳ ಒತ್ತಡ, ತಟ್ಟೆಯ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮೇಲ್ಮೈಗಳ ಸಂಖ್ಯೆ ಎಂಬ ನಾಲ್ಕರ ಗುಣಲಬ್ಧ.

ಉದಾಹರಣೆಗೆಂದು ಘರ್ಷಣಾಂಕ 0.12, ಒತ್ತಡ 800 ನ್ಯೂಟನ್, ತ್ರಿಜ್ಯ 5 ಸೆಂ.ಮೀ., ಮೇಲ್ಮೈಗಳು 10 ಎಂದು ಇಟ್ಟುಕೊಂಡರೆ ಕ್ಲಚ್ 48 ನ್ಯೂಟನ್-ಮೀಟರ್ ತಾಳುತ್ತದೆ. ಆರ್‌ಎಕ್ಸ್ 100ರ ಎಂಜಿನ್ ಕೊಡುವುದು ಹೆಚ್ಚೆಂದರೆ ಹತ್ತು ನ್ಯೂಟನ್-ಮೀಟರಿಗಿಂತ ತುಸು ಹೆಚ್ಚು. ನಡುವಿನ ಹಲ್ಲುಚಕ್ರಗಳಿಂದಾಗಿ ಕ್ಲಚ್ಚಿಗೆ ಬರುವಷ್ಟರಲ್ಲಿ ಅದು ಮೂರು ಪಟ್ಟಾಗುತ್ತದೆಂದು ಹಿಡಿದರೂ 31ರ ಆಸುಪಾಸಿನಲ್ಲೇ ಇರುತ್ತದೆ. ಕಾಲಾಂತರದಲ್ಲಿ ತಟ್ಟೆಗಳು ಹೊಳಪೇರಿ ಘರ್ಷಣಾಂಕ 0.09ಕ್ಕೆ ಇಳಿದರೆ ತಾಳುವ ಶಕ್ತಿ 36ಕ್ಕೆ ಕುಸಿಯುತ್ತದೆ, ಆದರೂ ಕಂಪನಿ ಕೊಟ್ಟಂತೆಯೇ ಇರುವ ಎಂಜಿನ್ನಿಗೆ ಅಷ್ಟು ಸಾಕು. ಅದೇ ಎಂಜಿನ್ನನ್ನು ಟ್ಯೂನ್ ಮಾಡಿ ಟಾರ್ಕನ್ನು ಶೇಕಡಾ 30ರಷ್ಟು ಏರಿಸಿದಾಗ ಕ್ಲಚ್ಚಿನ ಮೇಲೆ 40 ಬೀಳುತ್ತದೆ, ಆಗ ಅದು ಜಾರದೆ ಬೇರೆ ದಾರಿಯಿಲ್ಲ. ನಿನ್ನೆಯವರೆಗೆ ಸರಿಯಿದ್ದ ಕ್ಲಚ್ ಟ್ಯೂನಿಂಗ್ ಆದ ಮರುದಿನವೇ ಕೈಕೊಟ್ಟಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ ಲೆಕ್ಕ.

ಜಾರಿಕೆ ಕ್ಲಚ್ಚನ್ನೇ ತಿನ್ನುತ್ತದೆ. 36 ನ್ಯೂಟನ್-ಮೀಟರ್ ಹಿಡಿತದಲ್ಲಿ ಬುಟ್ಟಿ ಮತ್ತು ಹಬ್ಬಿನ ನಡುವೆ ನಿಮಿಷಕ್ಕೆ 400 ಸುತ್ತುಗಳ ಅಂತರವಿದ್ದರೆ ಸುಮಾರು 1,500 ವಾಟ್ ಶಾಖ ಹುಟ್ಟುತ್ತದೆ, ಅಂದರೆ ಬಕೆಟ್ ನೀರು ಕಾಯಿಸುವ ವಿದ್ಯುತ್ ಕಾಯಿಲನ್ನು ಆ ಪುಟ್ಟ ಕೋಣೆಯೊಳಗೆ ಹಚ್ಚಿಟ್ಟಂತೆ. ಶಾಖ ಏರಿದಂತೆ ಲೇಪ ಸುಟ್ಟು ಗಾಜಿನಂತಾಗುತ್ತದೆ, ಘರ್ಷಣೆ ಇನ್ನಷ್ಟು ಇಳಿಯುತ್ತದೆ, ಜಾರಿಕೆ ಮತ್ತಷ್ಟು ಬೆಳೆಯುತ್ತದೆ. ಬಿಚ್ಚಿದಾಗ ಉಕ್ಕಿನ ತಟ್ಟೆಗಳ ಮೇಲೆ ನೀಲಿ ಛಾಯೆ ಕಂಡರೆ ಆ ಲೋಹ 300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾದಿತ್ತೆಂದು ತಿಳಿಯಬೇಕು. ಧಾರವಾಡ ಸೀಮೆಯ ಎರೆಮಣ್ಣು ಮಳೆಯಲ್ಲಿ ನೆನೆದು ಗಾಲಿಗೆ ಮೆತ್ತಿಕೊಳ್ಳುವ ಕಚ್ಚಾ ಹಾದಿಯ ಓಟದಲ್ಲಿ ಸವಾರ ಕ್ಲಚ್ ಲಿವರನ್ನು ಪದೇ ಪದೇ ಅರ್ಧ ಹಿಡಿದು ಬಿಡಬೇಕಾಗುವುದರಿಂದ, ಅಲ್ಲಿ ಈ ಶಾಖದ ಪೆಟ್ಟು ಡಾಂಬರಿನ ಮೇಲಿನದಕ್ಕಿಂತ ಕಠಿಣವಾಗಿರುತ್ತದೆ.

ರಿಪೇರಿ ಆರಂಭವಾಗಬೇಕಾದದ್ದು ಹ್ಯಾಂಡಲಿನಿಂದಲೇ ಹೊರತು ಎಂಜಿನ್ ಕವರಿನಿಂದಲ್ಲ. ಲಿವರಿನ ಬುಡದಲ್ಲಿ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಸಡಿಲ, ಅಂದರೆ ಫ್ರೀ ಪ್ಲೇ, ಇರಬೇಕು. ಅದಿಲ್ಲದಿದ್ದರೆ ಸವಾರ ಕೈ ಬಿಟ್ಟ ಮೇಲೂ ಕೇಬಲ್ ಪ್ರೆಶರ್ ಪ್ಲೇಟನ್ನು ತುಸು ಎತ್ತಿಯೇ ಹಿಡಿದಿರುತ್ತದೆ. ಇಲ್ಲಿ ಅನೇಕರನ್ನು ತಪ್ಪುದಾರಿಗೆ ಎಳೆಯುವ ಸಂಗತಿಯೊಂದಿದೆ: ತಟ್ಟೆಗಳು ಸವೆದಂತೆ ಕೇಬಲ್ ಸಡಿಲವಾಗುತ್ತದೆಂದು ತೋರಿದರೂ, ಒಳಗೆ ತಳ್ಳುಕಡ್ಡಿ, ಅಂದರೆ ಪುಶ್ ರಾಡ್, ಇರುವ ಬೈಕುಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ತಟ್ಟೆಗಳ ಅಟ್ಟಿ ತೆಳುವಾದಂತೆ ಪ್ರೆಶರ್ ಪ್ಲೇಟ್ ಒಳಸರಿದು ಕಡ್ಡಿಯನ್ನು ಹಿಂದಕ್ಕೆ ತಳ್ಳುವುದರಿಂದ ಇದ್ದ ಸಡಿಲವೂ ಮಾಯವಾಗುತ್ತದೆ. ಎಷ್ಟೋ ಸಲ ಲಾಕ್‌ನಟ್ ಬಿಚ್ಚಿ ಅಡ್ಜಸ್ಟರ್ ತಿರುಗಿಸಿದರೆ ಸಾಕು, ಹೊಸ ಪ್ಲೇಟಿನ ಖರ್ಚೇ ಉಳಿಯುತ್ತದೆ.

ಎರಡನೆಯ ಸಂಶಯ ಎಣ್ಣೆಯ ಮೇಲಿರಬೇಕು. ಕಾರುಗಳಿಗೆಂದು ತಯಾರಾದ ಕೆಲವು ಎಣ್ಣೆಗಳಲ್ಲಿ ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ಚಿಗೆ ಅವು ವೈರಿಗಳು. ಈ ತೊಡಕಿಗಾಗಿಯೇ ಜಪಾನಿನ ಜಾಸೋ ಸಂಸ್ಥೆ 1998ರಲ್ಲಿ ನಾಲ್ಕು ಸ್ಟ್ರೋಕಿನ ಬೈಕ್ ಎಣ್ಣೆಗಳಿಗೆ ಮಾನಕ ರೂಪಿಸಿತು, ಅದರಲ್ಲಿ ‘ಎಂಎ’ ಎಂಬ ಗುರುತು ಕ್ಲಚ್ಚಿಗೆ ಬೇಕಾದ ಘರ್ಷಣೆ ಉಳಿದಿರುವುದನ್ನು ಸೂಚಿಸುತ್ತದೆ. ಆರ್‌ಎಕ್ಸ್ 100ರಂಥ ಎರಡು ಸ್ಟ್ರೋಕಿನ ಬೈಕಿನಲ್ಲಿ ಪೆಟ್ರೋಲಿನೊಂದಿಗೆ ಉರಿದುಹೋಗುವ ಎಣ್ಣೆ ಬೇರೆ, ಗೇರ್‌ಬಾಕ್ಸ್ ಮತ್ತು ಕ್ಲಚ್ ಮುಳುಗಿರುವ ಎಣ್ಣೆ ಬೇರೆ. ಮೊದಲನೆಯದನ್ನು ತಪ್ಪದೆ ತುಂಬಿಸುವವರು ಎರಡನೆಯದನ್ನು ವರ್ಷಗಟ್ಟಲೆ ಮರೆತಿರುತ್ತಾರೆ.

ಕವರ್ ಬಿಚ್ಚುವುದು ಇವೆರಡರ ನಂತರ. ಘರ್ಷಣಾ ತಟ್ಟೆಯ ದಪ್ಪವನ್ನು ವರ್ನಿಯರಿನಿಂದಲೂ, ಉಕ್ಕಿನ ತಟ್ಟೆಯ ಸೊಟ್ಟನ್ನು ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜಿನಿಂದಲೂ, ಸ್ಪ್ರಿಂಗಿನ ಸಹಜ ಉದ್ದವನ್ನು ಸ್ಕೇಲಿನಿಂದಲೂ ಅಳೆದು ಸರ್ವಿಸ್ ಮ್ಯಾನ್ಯುಯಲಿನ ಮಿತಿಗಳಿಗೆ ಹೋಲಿಸಬೇಕು. ಅಳೆಯುವ ಗೋಜಿಗೆ ಹೋಗದೆ ಸ್ಪ್ರಿಂಗಿನ ಕೆಳಗೆ ವಾಷರ್ ತುರುಕಿ ಬಿಗಿ ಹೆಚ್ಚಿಸುವುದು ಕೆಟ್ಟ ಅಭ್ಯಾಸವೆಂದೇ ಹೇಳಬೇಕು: ಲಿವರ್ ಹಿಡಿದಾಗ ಸುರುಳಿಗಳು ಒಂದಕ್ಕೊಂದು ತಾಗಿ ನಿಂತರೆ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ, ಮೇಲಾಗಿ ಸವಾರನ ಮುಂಗೈ ಅರ್ಧ ಓಟಕ್ಕೇ ಸೋಲುತ್ತದೆ. ಹೆಚ್ಚು ಬಿಗಿಯ ಸ್ಪ್ರಿಂಗ್ ಬೇಕೆನಿಸಿದರೆ ಅದಕ್ಕೆಂದೇ ತಯಾರಾದದ್ದನ್ನು, ಹೊಸ ತಟ್ಟೆಗಳ ಜೊತೆಗೆ ಹಾಕುವುದು ಸರಿ.

ಕರ್ನಾಟಕದ್ದೇ ಆದ ಇನ್ನೊಂದು ಬೈಕಿನಲ್ಲಿ ಈ ಕೆಲಸ ತುಸು ಬೇರೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ಮತ್ತು ಯೆಜ್ದಿ ಬೈಕುಗಳು ಮದ್ರಾಸಿನ ಬಳಿಯ ಶೋಲಾವರಂ ಓಟಗಳಲ್ಲೂ ಕಾಣಿಸಿಕೊಂಡವು. ಹಳೆಯ ಜಾವಾದ ಕ್ಲಚ್ ತಟ್ಟೆಗಳಲ್ಲಿ ಕೂಡಿಸಿದ್ದು ಕಾರ್ಕಿನ ತುಣುಕುಗಳನ್ನು. ಎಣ್ಣೆಯಲ್ಲೂ ಚೆನ್ನಾಗಿ ಕಚ್ಚುವ ಕಾರ್ಕ್ ಅತಿ ಶಾಖಕ್ಕೆ ಸುಟ್ಟು ಉದುರುತ್ತದೆ. ಗೇರ್ ಪೆಡಲ್ ಒತ್ತಿದೊಡನೆ ಕ್ಲಚ್ ತಾನೇ ಬಿಡುವ ಏರ್ಪಾಡೂ ಅದರಲ್ಲಿತ್ತು; ಆ ಏರ್ಪಾಡಿನಲ್ಲಿ ಸಡಿಲ ಇಲ್ಲದಿದ್ದರೆ ಕೇಬಲನ್ನು ಎಷ್ಟು ಸರಿಪಡಿಸಿದರೂ ಜಾರಿಕೆ ನಿಲ್ಲದು.

ಜೋಡಿಸುವ ಮುನ್ನ ಹೊಸ ತಟ್ಟೆಗಳನ್ನು ಕೆಲವು ಗಂಟೆ ಗೇರ್ ಎಣ್ಣೆಯಲ್ಲಿ ನೆನೆಸಿಡಬೇಕು, ಏಕೆಂದರೆ ಒಣ ಲೇಪ ಮೊದಲ ಸ್ಟಾರ್ಟಿಗೇ ಸುಡಬಹುದು. ಬುಟ್ಟಿಯ ಬೆರಳುಗಳಲ್ಲಿ ತಟ್ಟೆಗಳ ಅಂಚು ಕೊರೆದ ಕಚ್ಚುಗಳಿದ್ದರೆ ಅವನ್ನು ನುಣುಪು ಅರದಿಂದ ಸಮ ಮಾಡಬೇಕು, ಆಳವಾಗಿದ್ದರೆ ಬುಟ್ಟಿಯನ್ನೇ ಬದಲಿಸಬೇಕು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರು-ಬದುರಾಗಿ, ಹಂತಹಂತವಾಗಿ ಬಿಗಿಸಿದರೆ ಪ್ರೆಶರ್ ಪ್ಲೇಟ್ ಓರೆಯಾಗದೆ ಕೂರುತ್ತದೆ. ಪರೀಕ್ಷೆ ಮುಚ್ಚಿದ ಟ್ರ್ಯಾಕಿನಲ್ಲಿ, ಮೇಲಿನ ಗೇರಿನಲ್ಲಿ, ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವ ವೇಗದ ಹತ್ತಿರ ಥ್ರಾಟಲ್ ಪೂರ್ತಿ ತೆರೆದು ನಡೆಯಬೇಕು. ಕೆಳಗಿನ ಗೇರಿನಲ್ಲಿ ಗಾಡಿ ಬೇಗ ಮುಂದೆ ಓಡಿಬಿಡುವುದರಿಂದ ಸಣ್ಣ ಜಾರಿಕೆ ಗಮನಕ್ಕೇ ಬರುವುದಿಲ್ಲ.